ದೋಣಿಯ ಮೇಲ್ಕಟ್ಟು

ನಮ್ಮ ಭಾಷೆಯಲ್ಲಿ 'ಮೇಲ್ಕಟ್ಟು' ಎಂದೊಂದು ಮಾತಿದೆ. ಕಾವ್ಯಗಳ ಪಾಠ ಹೇಳುವ ನನ್ನಂಥವನ ಬಾಯಿಗೆ 'ವಿತಾನ' ಎಂಬ ಸಂಸ್ಕೃತ ಶಬ್ದವೇ ಮೊದಲು ಬರುವುದಾದರೂ ಅದು ರಾಜರ ಒಡ್ಡೋಲಗಕ್ಕೂ ಸ್ವಯಂವರದ ಮಂಟಪಕ್ಕೂ ಒಪ್ಪುವ ಮಾತು. ಮನೆಯ ಬಳಕೆಗೆ ಮೇಲ್ಕಟ್ಟೇ ಸರಿ. ಮೇಲೆ ಕಟ್ಟಿದ್ದು ಮೇಲ್ಕಟ್ಟು. ಇದಕ್ಕಿಂತ ಸುಲಭವಾದ ವ್ಯುತ್ಪತ್ತಿಯನ್ನು ಯಾವ ವಿದ್ಯಾರ್ಥಿಯೂ ಬಯಸಲಾರ. ಕರಾವಳಿಯ ಕಡೆ ಕೋಲದ ಚಪ್ಪರದಲ್ಲಿ ಮಡಿವಾಳನು ಕಟ್ಟುವ ಬಿಳಿಯ ಬಟ್ಟೆಯನ್ನು ಕಂಡವರಿಗೆ ಈ ಮಾತು ಹೊಸತಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಇನ್ನೊಂದು ಅರ್ಥವಿತ್ತು: ಬಿಸಿಲಿಗೆಂದು ನಮ್ಮ ದೋಣಿಯ ಮೇಲೆ ಬಿಗಿದಿದ್ದ ಕ್ಯಾನ್ವಾಸು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವುದನ್ನು ಕುಂದಾಪುರಕ್ಕೆ ಹೋದವರು ನೋಡಿರುತ್ತಾರೆ. ಆ ವಿಶಾಲವಾದ ನೀರಿನ ನಡುವೆ ಅಲ್ಲಲ್ಲಿ ತೆಂಗಿನ ಮರಗಳ ಗುಂಪು ಕಾಣುತ್ತದಷ್ಟೆ. ಅವು ಕುದ್ರುಗಳು. ಅಂಥ ಒಂದು ಚಿಕ್ಕ ಕುದ್ರುವಿನಲ್ಲಿ ನಮ್ಮ ಮನೆ. ಸೇತುವೆಯಿಲ್ಲ. ಉಪ್ಪಿನಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲವೂ ದೋಣಿಯಲ್ಲೇ ಬರಬೇಕು. ನಮ್ಮದು ಇಪ್ಪತ್ತೆರಡು ಅಡಿಯ ಮರದ ದೋಣಿ. ಹಿಂಬದಿಗೆ ಒಂದು ಸಣ್ಣ ಯಂತ್ರ. ನಡುವೆ ಮೂರು ಕೊಳವೆಯ ಕಮಾನುಗಳು, ಅವುಗಳ ಮೇಲೆ ಎಂಟೂವರೆ ಅಡಿ ಉದ್ದದ ಮೇಲ್ಕಟ್ಟು. 2011ರಲ್ಲಿ ನನ್ನ ತಂದೆಯವರು ಅದನ್ನು ತಾವೇ ಕೈಯಲ್ಲಿ ಹೊಲಿದರು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಾರಕ್ಕೆ ಜೇನುಮೇಣ ತೀಡಿ, ಜಗಲಿಯಲ್ಲಿ ಹದಿನೈದು ದಿನ ಕುಳಿತು ಹೊಲಿದ ಕೆಲಸ ಅದು. ನಾಲ್ಕು ವರ್ಷಗಳ ಮೇಲೆ ಅವರು ತೀರಿಕೊಂಡರು, ಮೇಲ್ಕಟ್ಟು ಉಳಿಯಿತು.

ಹೊಳೆಯ ಮೇಲಿನ ಬಿಸಿಲಿನ ಸ್ವಭಾವ ನೆಲದ ಮೇಲಿನವರಿಗೆ ಸುಲಭವಾಗಿ ತಿಳಿಯದು. ಕುಂದಾಪುರ ಇರುವುದು ಉತ್ತರ ಅಕ್ಷಾಂಶ ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿ. ಸೂರ್ಯನು ವರ್ಷಕ್ಕೆ ಎರಡು ಬಾರಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ: ಏಪ್ರಿಲಿನ ಕೊನೆಯ ವಾರದಲ್ಲೊಮ್ಮೆ, ಆಗಸ್ಟಿನ ನಡುವಿನಲ್ಲೊಮ್ಮೆ. ಆಗಸ್ಟಿನಲ್ಲಿ ಮೋಡವೇ ಮೇಲ್ಕಟ್ಟಾಗಿರುತ್ತದೆ. ಏಪ್ರಿಲಿನಲ್ಲಿ ಮನುಷ್ಯನೇ ಕಟ್ಟಿಕೊಳ್ಳಬೇಕು. ಬೆಳಗಿನ, ಸಂಜೆಯ ಓರೆ ಬಿಸಿಲು ಬಟ್ಟೆಯ ಅಡಿಯಿಂದ ನುಸುಳಿಯೇ ಬರುತ್ತದೆ. ನೀರಿನಿಂದ ಪುಟಿದು ಕಣ್ಣಿಗೆ ಹೊಡೆಯುವ ಬೆಳಕನ್ನೂ ಅದು ತಡೆಯದು. ಹತ್ತರಿಂದ ಮೂರು ಗಂಟೆಯವರೆಗಿನ ನೆತ್ತಿಯ ಬಿಸಿಲಿಗೆ ಮಾತ್ರ ಅದು ನಿಜವಾದ ಮರೆ. ಆ ಐದು ಗಂಟೆಗಳ ಕಾವಲಿಗಾಗಿ ಅದು ಉಳಿದ ಹೊತ್ತೆಲ್ಲ ಬಿಸಿಲನ್ನೂ ಉಪ್ಪುಗಾಳಿಯನ್ನೂ ಮಂಜನ್ನೂ ತಿನ್ನುತ್ತ ನಿಂತಿರಬೇಕು.

ಕ್ಯಾನ್ವಾಸೆಂಬ ಇಂಗ್ಲಿಷ್ ಮಾತು ಕ್ಯಾನಬಿಸ್ ಎಂಬ ಲ್ಯಾಟಿನ್ ಶಬ್ದದಿಂದ, ಎಂದರೆ ನಮ್ಮ ಭಂಗಿಗಿಡದ ಹೆಸರಿನಿಂದ ಬಂದದ್ದು. ಹಿಂದೆ ಹಡಗಿನ ಹಾಯಿಗಳನ್ನು ಅದರ ನಾರಿನಿಂದಲೇ ನೇಯುತ್ತಿದ್ದರು. ನಮ್ಮ ಹಳಬರು ದಪ್ಪ ಬಟ್ಟೆಗೆ ಕಿತ್ತಾನು ಎನ್ನುತ್ತಿದ್ದರು. ಈಗ ನಾವು ಕ್ಯಾನ್ವಾಸೆನ್ನುವುದು ಬಹುಮಟ್ಟಿಗೆ ಹತ್ತಿಯದು. ಅದರಲ್ಲಿ ಒಂದು ಸ್ವಾರಸ್ಯವಿದೆ. ನೀರು ಬಿದ್ದೊಡನೆ ಹತ್ತಿಯ ಎಳೆಗಳು ಉಬ್ಬಿ ನೇಯ್ಗೆಯ ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ; ಆದ್ದರಿಂದ ಸಣ್ಣ ಮಳೆ ಒಳಗಿಳಿಯದು. ಆದರೆ ಒದ್ದೆಯಾದ ಬಟ್ಟೆಯನ್ನು ಒಳಗಿನಿಂದ ಬೆರಳಲ್ಲಿ ಮುಟ್ಟಿದಿರೋ, ಮುಟ್ಟಿದ ಜಾಗದಿಂದಲೇ ಹನಿ ತೊಟ್ಟಿಕ್ಕತೊಡಗುತ್ತದೆ. ಹುಡುಗನಾಗಿದ್ದಾಗ ಇದಕ್ಕಾಗಿ ನಾನು ಪೆಟ್ಟು ತಿಂದದ್ದುಂಟು. ಹತ್ತಿಗೆ ಶತ್ರುಗಳು ಇಬ್ಬರು, ಬಿಸಿಲು ಮತ್ತು ಬೂಷ್ಟು. ಒಣಗಿಸಿದರೆ ಒಬ್ಬನ ಬಾಯಿಗೆ, ಮಡಚಿಟ್ಟರೆ ಇನ್ನೊಬ್ಬನ ಬಾಯಿಗೆ. ಹಿಂದೆ ಮೀನಿನ ಬಲೆಗಳನ್ನೂ ಹಾಯಿಗಳನ್ನೂ ಮರದ ತೊಗಟೆಯ ಒಗರು ಕಷಾಯದಲ್ಲಿ ಅದ್ದಿ ಕೊಳೆಯದಂತೆ ಕಾಪಾಡುತ್ತಿದ್ದರು. ನಾವು ಎಲೆಯಡಿಕೆಯೊಡನೆ ಅಗಿಯುವ ಕಾಚು ಯೂರೋಪಿನ ಬೆಸ್ತರ ಹಾಯಿಗಳಿಗೂ ಬಣ್ಣವಾಗಿತ್ತು.

2018ರ ಆರಂಭದಲ್ಲಿ ನನ್ನ ತಾಯಿಯ ಮೂತ್ರಪಿಂಡಗಳು ಕೈಬಿಟ್ಟವು. ವಾರಕ್ಕೆ ಎರಡು ದಿನ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಪೇಟೆಯಲ್ಲಿ ನನ್ನ ಬಾಡಿಗೆ ಮನೆಯಿದೆ, ಅಲ್ಲಿಯೇ ಇರು ಎಂದೆ. ಕೇಳಲಿಲ್ಲ. ಕೊನೆಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಪೇಟೆ, ಉಳಿದ ಎಂಟು ತಿಂಗಳು ಕುದ್ರು ಎಂದು ಒಪ್ಪಂದವಾಯಿತು. ಬೆಳಗಿನ ಜಾವ ಹೊರಟರೆ ಎಲ್ಲ ಮುಗಿಸಿಕೊಂಡು ದೋಣಿಯೇರುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಆ ಚಿಕಿತ್ಸೆಯ ಬಳಿಕ ರಕ್ತದ ಒತ್ತಡ ಇಳಿದು ರೋಗಿ ಬಸವಳಿದಿರುತ್ತಾನೆ. ಅಂಥವರನ್ನು ನೆತ್ತಿಯ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಕೂರಿಸುವುದೆಂದರೇನೆಂಬುದನ್ನು ನಾನು ಮಾರ್ಚಿನಲ್ಲಿ ಕಲಿತೆ. ಆ ದಿನ ಗಾಳಿ ಸ್ವಲ್ಪ ಜೋರಾಗಿತ್ತು. ಹೊಳೆಯ ನಡುವೆ ಮೇಲ್ಕಟ್ಟು ಚರ್ರೆಂದು ಎರಡಾಯಿತು. ಹಿಂದಿನ ಅರ್ಧ ಬಾವುಟದಂತೆ ಬಡಿದುಕೊಳ್ಳುತ್ತಿರಲು, ತಾಯಿ ನನ್ನ ಕೊಡೆಯ ಕೆಳಗೆ ಕಣ್ಣು ಮುಚ್ಚಿ ಕುಳಿತಿದ್ದಳು. ದಡ ಮುಟ್ಟುವಷ್ಟರಲ್ಲಿ ಅವಳ ಕೈ ತಣ್ಣಗಾಗಿತ್ತು.

ದೋಣಿ ನಡೆಸುವ ಮುದುಕ ನಮ್ಮ ತಂದೆಯ ಕಾಲದವನು. ಹರಿದ ಅಂಚನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಬಟ್ಟಿ ಗಟ್ಟಿ ಇತ್ತ್ ಮಾಷ್ಟ್ರೆ, ನೂಲ್ ಹೋಯ್ತ್" ಎಂದ. ನಿಜವಾಗಿತ್ತು. ಬಟ್ಟೆ ಹರಿದಿರಲಿಲ್ಲ, ಹೊಲಿಗೆ ಬಿಟ್ಟುಕೊಂಡಿತ್ತು. ಬಟ್ಟೆಗೆ ನೂರಾರು ಎಳೆಗಳ ದಪ್ಪವುಂಟು, ಬಿಸಿಲು ತಿಂದರೂ ಮೇಲಿನ ಪದರವನ್ನು ಮೊದಲು ತಿನ್ನಬೇಕು. ಹೊಲಿಗೆಯ ನೂಲಾದರೋ ಬಟ್ಟೆಯ ಬೆನ್ನಿನ ಮೇಲೆ ಒಂಟಿಯಾಗಿ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ನಮ್ಮ ಹವೆಯಲ್ಲಿ ಯಾವ ಮೇಲ್ಕಟ್ಟೇ ಆಗಲಿ ಮೊದಲು ಸಾಯುವುದು ಹೊಲಿಗೆಯಲ್ಲಿ.

ಹೊಸದು ಮಾಡಿಸುವ ಬದಲು ನಾನು ಮತ್ತೆ ಹೊಲಿಸಿದೆ. ತಂದೆಯ ಕೈಯ ಹೊಲಿಗೆಯನ್ನು ಕಿತ್ತೊಗೆಯಲು ಮನಸ್ಸೊಪ್ಪಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಹೊಸ ನೂಲು ಹಳೆಯ ಬಟ್ಟೆಯನ್ನು ಚಾಕುವಿನಂತೆ ಕೊಯ್ದು, ಹೊಲಿಗೆಯ ಪಕ್ಕದಲ್ಲೇ ಹತ್ತು ದಿನದಲ್ಲಿ ಮತ್ತೆ ಹರಿಯಿತು. ನನ್ನ ಸಂಕಟವನ್ನು ಕಂಡ ತಾಯಿ ಹೇಳಿದ್ದಿಷ್ಟೆ: "ಅವ್ರಿದ್ದಿರೆ ಎರ್ಡ್ ವರ್ಷ ಮೊದ್ಲೇ ಬಿಚ್ಚಿ ಬಿಸಾಡ್ತಿದ್ರ್." ಹಳೆಯ ಬಟ್ಟೆ ತೆಂಗಿನಕಾಯಿಯ ರಾಶಿಯನ್ನು ಮುಚ್ಚಲು ಕೊಟ್ಟಿಗೆಗೆ ಹೋಯಿತು.

ನಡುವಿನ ಮೂರು ವಾರ ನೀಲಿ ಪ್ಲಾಸ್ಟಿಕ್ಕಿನ ಟರ್ಪಾಲನ್ನು ಕಟ್ಟಿದೆವು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಅರ್ಧ ಊರು ಅದರ ಕೆಳಗೇ ಇರುವುದರಿಂದ ಅದನ್ನು ಹಳಿಯಲಾರೆ. ಆದರೆ ಅದಕ್ಕೆ ಉಸಿರಾಟವಿಲ್ಲ. ಏಪ್ರಿಲಿನ ಮಧ್ಯಾಹ್ನ ಅದರ ಕೆಳಗೆ ಕುಳಿತವರಿಗೂ ಇರುವುದಿಲ್ಲ. ಗಾಳಿಗೆ ಅದು ಮಾಡುವ ಪಟಪಟ ಸದ್ದಿಗೆ ತಾಯಿ ಎರಡು ಸಲ ವಾಂತಿ ಮಾಡಿಕೊಂಡಳು. ನೆರೆಯವರ ದೋಣಿಯಲ್ಲಿ ಒಂದು ವರ್ಷ ಬಿಸಿಲುಂಡ ಅದೇ ಬಟ್ಟೆ ಮುಟ್ಟಿದರೆ ನೀಲಿಯ ಹೊಟ್ಟಾಗಿ ಉದುರುತ್ತಿತ್ತು.

ಮಂಗಳೂರಿನಿಂದ ಅಕ್ರಿಲಿಕ್ ಕ್ಯಾನ್ವಾಸನ್ನು ತಂದೆ. ಬೆಲೆ ನನ್ನ ಸಂಬಳಕ್ಕೆ ಸ್ವಲ್ಪ ಹೆಚ್ಚೇ. ಅದರ ಗುಣವನ್ನು ಅಂಗಡಿಯವನು ಚೆನ್ನಾಗಿ ಹೇಳಿದ: ಹತ್ತಿಗೆ ಬಣ್ಣ ಮೂಲಂಗಿಯ ಸಿಪ್ಪೆಯಂತೆ, ಮೇಲೆ ಕೆಂಪು ಒಳಗೆ ಬಿಳಿ, ಇದಕ್ಕೆ ಗಜ್ಜರಿಯಂತೆ, ಕೊಯ್ದಲ್ಲೆಲ್ಲ ಅದೇ ಬಣ್ಣ. ನೂಲಾಗುವ ಮೊದಲೇ ದ್ರವದಲ್ಲಿ ಬಣ್ಣ ಬೆರೆಸಿರುತ್ತಾರಾದ್ದರಿಂದ ಬಿಸಿಲಿಗೆ ಬೇಗ ಮಾಸದು. ಬೂಷ್ಟಿಗೆ ಅದರ ಎಳೆಯಲ್ಲಿ ಆಹಾರವಿಲ್ಲ. ಕೊಳೆ ಕೂತರೆ ಮಾತ್ರ ಕೊಳೆಯ ಮೇಲೆ ಬೂಷ್ಟು ಬೆಳೆದೀತು. ಹೊಲಿಗೆಗೆ ಹತ್ತಿಯ ನೂಲೂ ಬೇಡ, ನೈಲಾನೂ ಬೇಡ (ಬಿಸಿಲಿಗೆ ನೈಲಾನು ಬಲು ದುರ್ಬಲ), ಪಾಲಿಯೆಸ್ಟರೇ ಆಗಬೇಕು. ಬಣ್ಣದ ವಿಚಾರದಲ್ಲಿ ಮನೆಯಲ್ಲಿ ಚರ್ಚೆ ನಡೆಯಿತು. ಬಿಳಿ ತಂಪು, ಆದರೆ ನೀರಿನ ಬೆಳಕನ್ನು ಮತ್ತೆ ಕಣ್ಣಿಗೇ ಕಳುಹಿಸುತ್ತದೆ. ಕಡುಬಣ್ಣ ಕಣ್ಣಿಗೆ ಹಿತ, ಆದರೆ ಕಾಯುತ್ತದೆ. ಒಣಮಣ್ಣಿನ ಬಣ್ಣಕ್ಕೆ ರಾಜಿಯಾದೆವು.

ಪೇಟೆಯಲ್ಲಿ ಹಾಯಿ ಹೊಲಿಯುವವರು ಯಾರೂ ಇಲ್ಲ. ಆಟೋರಿಕ್ಷಾಗಳ ಹುಡ್ಡು ಹೊಲಿಯುವ ಒಬ್ಬ ನಿಪುಣನಿದ್ದಾನೆ. ಅವನು ಹಳೆಯ ಮೇಲ್ಕಟ್ಟನ್ನು ತರಿಸಿಕೊಂಡು, ನೆಲದ ಮೇಲೆ ಹಾಸಿ, ಅಂಚಿಗೆ ಅಂಚು ಹೊಂದಿಸಿ ಹೊಸ ಬಟ್ಟೆಯನ್ನು ಕತ್ತರಿಸಿದ. ಹತ್ತಿಯ ಬಟ್ಟೆ ಮೂವತ್ತಾರು ಅಂಗುಲದ ಅಗಲ, ಆದ್ದರಿಂದ ತಂದೆಯವರದು ಮೂರು ಪಟ್ಟಿ, ಎರಡು ಹೊಲಿಗೆ; ಇದು ಅರುವತ್ತು ಅಂಗುಲ, ಎರಡು ಪಟ್ಟಿ, ಒಂದೇ ಹೊಲಿಗೆ. ಸಾಯುವ ಜಾಗ ಒಂದು ಕಡಮೆಯಾಯಿತೆಂದು ನನಗೆ ಸಂತೋಷ. ಹೆಂಚಿನ ಮೇಲೆ ಹೆಂಚು ಕೂರುವ ಕ್ರಮದಲ್ಲಿ, ಮುಂದಿನ ಪಟ್ಟಿ ಹಿಂದಿನದರ ಮೇಲೆ ಬರುವಂತೆ ಮಡಿಕೆ ಹಾಕಿಸಿದೆ. ಕಬ್ಬಿಣದ ಕಣ್ಣುಗಳು ತುಕ್ಕಾಗಿ ಬಟ್ಟೆಯನ್ನೇ ತಿನ್ನುವುದರಿಂದ ಹಿತ್ತಾಳೆಯವನ್ನು ಹಾಕಿಸಿದೆ. ಕಮಾನು ತಾಗುವಲ್ಲಿ ಇನ್ನೊಂದು ಪದರ ಕೂರಿಸಿದೆವು. ಏಪ್ರಿಲಿನ ಕೊನೆಯಲ್ಲಿ ಕಟ್ಟಿದಾಗ ನೋಡಲು ಸೊಗಸಾಗಿತ್ತು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಗುಡುಗು ಮಳೆ ಬಂತು. ನನ್ನ ತಂದೆಯವರು ಮಳೆ ಬಿದ್ದೊಡನೆ ಮೇಲ್ಕಟ್ಟಿನ ಹಗ್ಗಗಳನ್ನು ಸಡಿಲಿಸುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೆ, ನಾನೂ ಸಡಿಲಿಸಿದೆ. ಎರಡು ಕಮಾನುಗಳ ನಡುವೆ ಬಟ್ಟೆ ತೊಟ್ಟಿಲಿನಂತೆ ಜೋತುಬಿದ್ದು ಕೊಡಗಟ್ಟಲೆ ನೀರನ್ನು ಹಿಡಿದು ನಿಂತಿತು. ಕೆಳಗೆ ತಾಯಿ. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಆ ನೀರಷ್ಟೂ ಒಂದೇ ಅಂಚಿಗೆ ನುಗ್ಗಿತು. ವಾಲಿದ ದೋಣಿ ಇನ್ನಷ್ಟು ವಾಲಿತು. ಮುದುಕ ಹುಟ್ಟಿನ ತುದಿಯಿಂದ ಬಟ್ಟೆಯನ್ನು ಮೇಲಕ್ಕೆ ಒತ್ತಿ ನೀರನ್ನು ಹೊಳೆಗೆ ಚೆಲ್ಲದಿದ್ದರೆ ಈ ಲೇಖನವನ್ನು ಬರೆಯುವ ಸಂದರ್ಭ ಬೇರೆಯಾಗುತ್ತಿತ್ತು.

ತಪ್ಪು ದರ್ಜಿಯದಲ್ಲ, ನನ್ನದು. ಅದೂ ನನ್ನ ವೃತ್ತಿಯವನು ಮಾಡಬಾರದ ತಪ್ಪು. ಓಲೆಗರಿಯ ಗ್ರಂಥ ನಮ್ಮ ಹವೆಯಲ್ಲಿ ಕೆಲವು ನೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಅಪರೂಪ. ಪ್ರತಿಯಿಂದ ಪ್ರತಿಯಾಗಿಯೇ ನಮ್ಮ ಹಳೆಯ ಕಾವ್ಯಗಳು ಉಳಿದಿವೆ. ಸವೆದ ಗರಿಯನ್ನು ಇದ್ದಂತೆಯೇ ನಕಲು ಮಾಡಿದ ಲಿಪಿಕಾರ ಸವಕಳಿಯನ್ನೂ ಪಾಠವೆಂದು ಬರೆದುಬಿಡುತ್ತಾನೆಂದು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಏಳು ವರ್ಷ ಜಗ್ಗಿ ಜಗ್ಗಿ ನಡುವೆ ಉಬ್ಬಿದ್ದ ಬಟ್ಟೆಯನ್ನು ಮಾದರಿಯಾಗಿ ಕೊಟ್ಟವನೂ ನಾನೇ. ಹಗ್ಗದ ಕಥೆಯೂ ಅದೇ. ಹತ್ತಿ ಒದ್ದೆಯಾದರೆ ಕುಗ್ಗಿ ಬಿಗಿಯುತ್ತದೆ, ಸಡಿಲಿಸದಿದ್ದರೆ ಕಣ್ಣುಗಳು ಕಿತ್ತುಬರುತ್ತವೆ. ಅಕ್ರಿಲಿಕ್ ಕುಗ್ಗುವುದಿಲ್ಲ, ಬದಲಿಗೆ ತುಸು ಹಿಗ್ಗುತ್ತದೆ. ತಂದೆಯವರು ಮಾಡಿದ್ದನ್ನು ಮಾಡಿದೆ, ಏಕೆ ಮಾಡುತ್ತಿದ್ದರೆಂದು ಕೇಳಿಕೊಳ್ಳಲಿಲ್ಲ.

ಮೂಲಪಾಠ ಸಿಕ್ಕಿದ್ದು ತಾಯಿಯಿಂದ. ತೆಂಗಿನಕಾಯಿಯ ಲೆಕ್ಕದ ಪುಸ್ತಕದಲ್ಲಿ ನೋಡು ಎಂದಳು. 2011ರ ಪುಟಗಳಲ್ಲಿ, ಹಿಂಡಿಯ ಬಾಕಿಗೂ ಕೊಯ್ಲಿನ ಕೂಲಿಗೂ ನಡುವೆ, ತಂದೆಯವರ ಓರೆ ಅಕ್ಷರದಲ್ಲಿ ಮೇಲ್ಕಟ್ಟಿನ ಅಳತೆಯಿತ್ತು: ಉದ್ದದಲ್ಲಿ ಚೌಕಟ್ಟಿಗಿಂತ ನಾಲ್ಕು ಬೆರಳು ಕಡಮೆ, ಕಮಾನಿಗೂ ಕಮಾನಿಗೂ ನಡುವೆ ಎರಡು ಮಗ್ಗುಲಲ್ಲೂ ಎರಡು ಬೆರಳು ಒಳಗೆ ಬಾಗಿಸಿ ಕತ್ತರಿಸುವುದು. ಜಗ್ಗಿ ಕಟ್ಟಿದ ಬಟ್ಟೆಯ ಅಂಚು ನೇರವಾಗಿದ್ದರೆ ಅದು ಸೋತು ಬಡಿದುಕೊಳ್ಳುತ್ತದೆ. ಒಳಬಾಗಿದ್ದರೆ ಬಿಗಿ ನಿಲ್ಲುತ್ತದೆ. ಹಳೆಯ ಬಟ್ಟೆಯಲ್ಲಿ ಆ ಬಾಗು ಎಂದೋ ಅಳಿಸಿಹೋಗಿತ್ತು. ಹುಡ್ಡಿನ ದರ್ಜಿ ಪುಸ್ತಕವನ್ನು ಓದಿಸಿ ಕೇಳಿ, ತಲೆಯಾಡಿಸಿ, ಒಂದು ದಿನದಲ್ಲಿ ಸರಿಮಾಡಿಕೊಟ್ಟ. ಕೂಲಿ ಬೇಡವೆಂದ, ನಾನು ಕೊಟ್ಟೆ.

ಆ ಮೇಲ್ಕಟ್ಟಿನ ಕೆಳಗೆ ತಾಯಿ ಎರಡೂವರೆ ವರ್ಷ ಹೊಳೆ ದಾಟಿದಳು. 2020ರ ನವೆಂಬರಿನಲ್ಲಿ ಕುದ್ರುವಿನ ಮನೆಯಲ್ಲೇ ಹೋದಳು. ದೋಣಿಯಲ್ಲಿ ಈಗ ಹೆಚ್ಚಾಗಿ ತೆಂಗಿನಕಾಯಿ ಹೋಗುತ್ತದೆ, ಭಾನುವಾರಗಳಲ್ಲಿ ನಾನು. ಜೂನಿನ ಮೊದಲ ವಾರ ಮೇಲ್ಕಟ್ಟನ್ನು ಬಿಚ್ಚಿ, ಸಿಹಿನೀರಿನಲ್ಲಿ ಉಪ್ಪು ತೊಳೆದು, ಪೂರ್ತಿ ಒಣಗಿಸಿ ಅಟ್ಟಕ್ಕೇರಿಸುತ್ತೇವೆ. ಮಳೆಗಾಲದ ಗಾಳಿಯಲ್ಲಿ ಅದು ನೆರಳಾಗದು, ದೋಣಿಯನ್ನು ಮಗುಚುವ ಹಾಯಿಯಾದೀತು. 2024ರ ಬೇಸಿಗೆಯಲ್ಲಿ ಬಿಚ್ಚುವ ಮೊದಲು ನಡುವಿನ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಎಳೆದು ನೋಡಿದೆ. ಮೂರು ಕಡೆ ನೂಲು ತುಂಡಾಯಿತು. ಬಟ್ಟೆ ಗಟ್ಟಿಯಾಗಿತ್ತು. ದರ್ಜಿಯಲ್ಲಿಗೆ ಕೊಂಡೊಯ್ದು ಉದ್ದಕ್ಕೂ ಮತ್ತೊಂದು ಸಾಲು ಹೊಲಿಸಿದೆ. ಮನೆಗೆ ಬಂದು ಲೆಕ್ಕದ ಪುಸ್ತಕವನ್ನು ತೆಗೆದು, ತಂದೆಯವರ ಸಾಲುಗಳ ಕೆಳಗಿದ್ದ ಜಾಗದಲ್ಲಿ ಬರೆದಿಟ್ಟೆ: 2018ರಲ್ಲಿ ಹೊಸ ಬಟ್ಟೆ, ಅಕ್ರಿಲಿಕ್; ಅಳತೆ ಮೇಲಿನಂತೆಯೇ; 2024ರಲ್ಲಿ ನೂಲು ಬದಲು; ಮಳೆಗೆ ಹಗ್ಗ ಸಡಿಲಿಸಬಾರದು.