ಕೊಟ್ಟಿಗೆ ಕಾಯುವ ನಾಯಿಯ ವಸಡು ಬಿಳಿಚಿದೆಯೇ?

ಹೈನುಗಾರ ಸಹೋದರಿಯರೇ, ರಾತ್ರಿಯೆಲ್ಲ ಕೊಟ್ಟಿಗೆ ಕಾಯುವ ನಾಯಿ ಊಟ ಬಿಟ್ಟು ಮೂಲೆ ಸೇರಿದರೆ ‘ಬಿಸಿಲಿಗೆ ಸುಸ್ತಾಗಿದೆ’ ಎಂದು ಸುಮ್ಮನಾಗಬೇಡಿ. ತುಟಿ ಎತ್ತಿ ವಸಡು ನೋಡಿ. ವಸಡು ಕಪ್ಪಾಗಿರುವ ನಾಯಿಯಾದರೆ ಕೆಳರೆಪ್ಪೆಯ ಒಳಭಾಗ ನೋಡಿ. ನಸುಗೆಂಪಾಗಿರಬೇಕಾದ ಜಾಗ ಬಿಳಿಚಿದ್ದರೆ ರಕ್ತಹೀನತೆ ಇರಬಹುದು.

ಇದಕ್ಕೆ ಒಂದು ಮುಖ್ಯ ಕಾರಣ ಬೆಬೀಸಿಯಾ ಎಂಬ ಸೂಕ್ಷ್ಮ ಪರೋಪಜೀವಿ. ಉಣ್ಣೆ ರಕ್ತ ಹೀರುವಾಗ ಅದರ ಜೊಲ್ಲಿನ ಮೂಲಕ ಇದು ನಾಯಿಯ ಮೈ ಸೇರುತ್ತದೆ. ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ವೃದ್ಧಿಯಾಗಿ, ಕಣವನ್ನು ಒಡೆದು ಹೊರಬಂದು ಇನ್ನೊಂದು ಕಣ ಹಿಡಿಯುತ್ತದೆ. ಸೋಂಕಿನ ಕಣಗಳ ಜೊತೆಗೆ ಒಳ್ಳೆಯ ಕಣಗಳನ್ನೂ ನಾಯಿಯ ದೇಹವೇ ನಾಶಮಾಡತೊಡಗುತ್ತದೆ. ಆಗ ಜ್ವರ, ಏದುಸಿರು, ನಿಶ್ಶಕ್ತಿ ಕಾಣಿಸುತ್ತವೆ. ಕೆಲವು ನಾಯಿಗಳ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ. ತಡಮಾಡಿದರೆ ಜೀವಕ್ಕೇ ಅಪಾಯ.

ನಾಯಿಯ ಬೆಬೀಸಿಯಾ ಹಸುವಿಗೆ ಅಂಟುವುದಿಲ್ಲ. ಆದರೆ ಹಸುವಿಗೆ ಬರುವ ಬೇರೆ ಜಾತಿಯ ಬೆಬೀಸಿಯಾ ಮತ್ತು ಥೈಲೇರಿಯಾ ಕೂಡ ಉಣ್ಣೆಯಿಂದಲೇ ಹರಡುತ್ತವೆ. ಮಿಶ್ರತಳಿ ಹಸುಗಳಿಗೆ ಇವುಗಳ ಕಾಟ ಹೆಚ್ಚು, ಹಾಲೂ ಇಳಿಯುತ್ತದೆ.

ನೀವು ಮಾಡಬೇಕಾದ್ದು:

• ನಾಯಿಯ ಕಿವಿ, ಕತ್ತು, ಬೆರಳ ಸಂದುಗಳನ್ನು ದಿನವೂ ನೋಡಿ.

• ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬೇಡಿ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ.

• ಗೋಡೆಯ ಬಿರುಕುಗಳಲ್ಲಿ ಉಣ್ಣೆ ಮೊಟ್ಟೆಯಿಡುತ್ತದೆ. ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ.

• ಹಸುವಿನ ಉಣ್ಣೆ ಔಷಧಿಯನ್ನಾಗಲಿ, ಮನುಷ್ಯರ ಜ್ವರದ ಮಾತ್ರೆಯನ್ನಾಗಲಿ ನಾಯಿಗೆ ಅಂದಾಜಿನ ಮೇಲೆ ಕೊಡಬೇಡಿ.

• ವಸಡು ಬಿಳಿಚಿದ ದಿನವೇ ಪಶುವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ನಾಯಿ ಉಳಿಯುವ ಸಾಧ್ಯತೆ ಹೆಚ್ಚು.