ಪಾಟಾ ಸಂಘವನ್ನು ಕಟ್ಟಿದವರು, ನಡೆಸಿದವರು

ಪೆಸಿಫಿಕ್ ಸಾಗರದ ಸುತ್ತಲಿನ ನಾಡುಗಳ ಪ್ರವಾಸೋದ್ಯಮವನ್ನು ಒಂದೇ ಸೂರಿನಡಿ ತರಬೇಕೆಂಬ ಉದ್ದೇಶದಿಂದ 1951ರಲ್ಲಿ ಹವಾಯಿಯ ಹೊನೊಲುಲು ನಗರದಲ್ಲಿ ಹುಟ್ಟಿದ ಪೆಸಿಫಿಕ್ ಏಷ್ಯಾ ಟ್ರಾವೆಲ್ ಅಸೋಸಿಯೇಷನ್, ಬಳಕೆಯಲ್ಲಿ ‘ಪಾಟಾ’, ಸರ್ಕಾರವೂ ಅಲ್ಲದ, ಕಂಪನಿಯೂ ಅಲ್ಲದ ಒಂದು ವಿಶಿಷ್ಟ ಬಗೆಯ ಸಂಸ್ಥೆಯಾಗಿದೆ. ದೇಶಗಳ ಪ್ರವಾಸೋದ್ಯಮ ಇಲಾಖೆಗಳು, ವಿಮಾನ ಕಂಪನಿಗಳು, ಹೋಟೆಲುಗಳು, ಪ್ರವಾಸ ಏರ್ಪಡಿಸುವ ಸಂಸ್ಥೆಗಳು, ಈ ವಿಷಯವನ್ನು ಕಲಿಸುವ ವಿಶ್ವವಿದ್ಯಾಲಯಗಳು, ಹೀಗೆ ಒಂದರ ಹಿತ ಇನ್ನೊಂದರ ಹಿತಕ್ಕೆ ಸದಾ ಹೊಂದದ ಪಕ್ಷಗಳೆಲ್ಲ ಇಲ್ಲಿ ಸದಸ್ಯರಾಗಿ ಒಟ್ಟಿಗೆ ಕೂರುತ್ತವೆ. ಸಂಘಕ್ಕೆ ತೆರಿಗೆ ವಿಧಿಸುವ ಅಧಿಕಾರವಿಲ್ಲ, ಪರವಾನಗಿ ಕೊಡುವ ಅಥವಾ ರದ್ದುಪಡಿಸುವ ಹಕ್ಕಿಲ್ಲ. ಅದರ ಬಲವೆಲ್ಲ ಸದಸ್ಯರನ್ನು ಒಪ್ಪಿಸುವುದರಲ್ಲಿ, ಅಂಕಿಅಂಶ ಒದಗಿಸುವುದರಲ್ಲಿ ಮತ್ತು ಮಾರುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸುವುದರಲ್ಲಿ ಅಡಗಿದೆ. ಕಾನೂನಿನ ಆಸರೆಯಿಲ್ಲದ ಇಂಥ ಸಂಸ್ಥೆಯಲ್ಲಿ ಮುಂದಾಳುವಿನ ಸ್ವಂತ ಅನುಭವಕ್ಕೆ ಸಲ್ಲುವ ತೂಕ ಸರ್ಕಾರಿ ಇಲಾಖೆಯೊಂದರಲ್ಲಿ ಸಲ್ಲುವುದಕ್ಕಿಂತ ಹೆಚ್ಚು. ಆದ್ದರಿಂದಲೇ ಪಾಟಾವನ್ನು ನಡೆಸಿದವರು ಅಲ್ಲಿಗೆ ಬರುವ ಮೊದಲು ಯಾವ ಕಸುಬಿನಲ್ಲಿದ್ದರು ಎಂಬ ಪ್ರಶ್ನೆಯು ಸಂಘದ ಚರಿತ್ರೆಯನ್ನು ಅರಿಯಲು ಒಂದು ಒಳ್ಳೆಯ ದಾರಿಯಾಗುತ್ತದೆ.

ಸಂಘದ ಹೊಣೆ ಎರಡು ಸ್ಥಾನಗಳಲ್ಲಿ ಹಂಚಿಹೋಗಿದೆ. ಸದಸ್ಯರು ತಮ್ಮೊಳಗಿನಿಂದ ಆರಿಸುವ ಅಧ್ಯಕ್ಷರು ತಮ್ಮ ಹೋಟೆಲನ್ನೋ ಇಲಾಖೆಯನ್ನೋ ಕಾಲೇಜನ್ನೋ ನೋಡಿಕೊಳ್ಳುತ್ತಲೇ ಸಂಘಕ್ಕೆ ದಿಕ್ಕು ತೋರುವವರು. ಸಂಬಳದ ಮೇಲೆ ನೇಮಕಗೊಳ್ಳುವ ಮುಖ್ಯ ಕಾರ್ಯನಿರ್ವಾಹಕರು ಕಚೇರಿಯನ್ನು ದಿನವೂ ನಡೆಸುವವರು. ಮೊದಲನೆಯ ಸ್ಥಾನದಲ್ಲಿ ಉದ್ಯಮದ ಯಾವ ವರ್ಗಕ್ಕೆ ಮನ್ನಣೆ ದೊರೆಯುತ್ತಿದೆ ಎಂಬುದೂ, ಎರಡನೆಯದರಲ್ಲಿ ಯಾವ ಕೌಶಲಕ್ಕೆ ಬೇಡಿಕೆಯಿದೆ ಎಂಬುದೂ ಗೋಚರವಾಗುತ್ತವೆ.

ಸಂಸ್ಥಾಪಕರೆಂದು ಮೊದಲು ಹೆಸರಿಸಲಾಗುವ ಲೋರಿನ್ ಪಿ. ಥರ್ಸ್ಟನ್ ಹೋಟೆಲಿನವರಲ್ಲ, ಹಡಗಿನವರಲ್ಲ. ‘ಹೊನೊಲುಲು ಅಡ್ವರ್ಟೈಸರ್’ ಪತ್ರಿಕೆಯ ಪ್ರಕಾಶಕರು. ಪತ್ರಿಕೆಯ ಆದಾಯ ಜಾಹೀರಾತಿನಿಂದ ಬರುತ್ತದೆ, ಜಾಹೀರಾತು ಊರಿನ ವ್ಯಾಪಾರದಿಂದ ಬರುತ್ತದೆ, ಹವಾಯಿಯಂಥ ದ್ವೀಪದಲ್ಲಿ ವ್ಯಾಪಾರವು ಹೊರಗಿನಿಂದ ಬರುವ ಜನರನ್ನು ಹೆಚ್ಚು ಹೆಚ್ಚಾಗಿ ನೆಚ್ಚತೊಡಗಿತ್ತು. ಈ ಸರಪಳಿಯನ್ನು ಪ್ರಕಾಶಕನಷ್ಟು ಸ್ಪಷ್ಟವಾಗಿ ಕಾಣಬಲ್ಲವರು ಕಡಿಮೆ. ಎರಡನೆಯ ಮಹಾಯುದ್ಧ ಮುಗಿದು ಆರು ವರ್ಷಗಳಾಗಿದ್ದ ಆ ಹೊತ್ತಿಗೆ ಪೆಸಿಫಿಕ್ ಎಂದರೆ ಅಮೆರಿಕದ ಓದುಗರಿಗೆ ಕದನಗಳ ಹೆಸರುಗಳ ಪಟ್ಟಿಯಾಗಿತ್ತು. ಅದೇ ಸಾಗರವನ್ನು ವಿಹಾರದ ತಾಣವೆಂದು ಮತ್ತೆ ಪರಿಚಯಿಸಬೇಕಾದರೆ ಒಂದೊಂದು ದ್ವೀಪವೂ ಒಂಟಿಯಾಗಿ ಕೂಗಿ ಪ್ರಯೋಜನವಿಲ್ಲ, ಎಲ್ಲರೂ ಸೇರಿ ಇಡೀ ಸಾಗರವನ್ನೇ ಪ್ರಚಾರ ಮಾಡಬೇಕು ಎಂಬುದು ಸಂಘದ ಮೂಲ ವಿಚಾರವಾಗಿತ್ತು. ಆರಂಭದ ದಶಕಗಳಲ್ಲಿ ಸಂಘದ ಹೆಸರಿನಲ್ಲಿ ‘ಪೆಸಿಫಿಕ್ ಏರಿಯಾ’ ಎಂದಿತ್ತೇ ಹೊರತು ಏಷ್ಯಾದ ಮಾತಿರಲಿಲ್ಲವೆಂಬುದನ್ನು ಗಮನಿಸಬೇಕು. ಹವಾಯಿಗೆ ಅಮೆರಿಕದ ರಾಜ್ಯವೆಂಬ ಸ್ಥಾನ ಕೊಡಿಸಲು 1950ರ ದಶಕದಲ್ಲಿ ದುಡಿದ ಆಯೋಗಕ್ಕೂ ಥರ್ಸ್ಟನ್ನರೇ ಅಧ್ಯಕ್ಷರಾಗಿದ್ದರು. ಪ್ರಚಾರ, ರಾಜಕೀಯ, ವಾಣಿಜ್ಯ ಈ ಮೂರೂ ಅವರಲ್ಲಿ ಬೇರೆ ಬೇರೆಯಾಗಿ ಇರಲಿಲ್ಲ.

ಈ ಗುಣ ಅವರಿಗೆ ಮನೆತನದಿಂದ ಬಂದದ್ದು, ಮತ್ತು ಇಲ್ಲಿ ಚರಿತ್ರೆ ನೋವಿನದಾಗುತ್ತದೆ. ಅವರ ತಂದೆ ಲೋರಿನ್ ಎ. ಥರ್ಸ್ಟನ್ ಕ್ರೈಸ್ತ ಧರ್ಮಪ್ರಚಾರಕರ ಮೊಮ್ಮಗ, ವೃತ್ತಿಯಿಂದ ವಕೀಲ. ಹವಾಯಿಯ ಅರಸನ ಅಧಿಕಾರವನ್ನು ಬಲವಂತದಿಂದ ಮೊಟಕುಗೊಳಿಸಿದ 1887ರ ಸಂವಿಧಾನವನ್ನು ಬರೆದವರಲ್ಲಿ ಅವರು ಪ್ರಮುಖರು. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಿದ ಗುಂಪಿಗೂ ಅವರೇ ಮುಂದಾಳು. ಅದೇ 1893ರಲ್ಲಿ ಷಿಕಾಗೋದ ವಿಶ್ವಮೇಳದಲ್ಲಿ ಕಿಲಾವೇಯಾ ಜ್ವಾಲಾಮುಖಿಯ ದೃಶ್ಯವನ್ನು ವೃತ್ತಾಕಾರದ ಬೃಹತ್ ಚಿತ್ರಪಟದಲ್ಲಿ ಪ್ರದರ್ಶಿಸಿದ ಉದ್ಯಮದ ಹಿಂದೆಯೂ ಅವರಿದ್ದರು. ಜ್ವಾಲಾಮುಖಿಯ ಅಂಚಿನಲ್ಲಿದ್ದ ‘ವಾಲ್ಕೇನೊ ಹೌಸ್’ ಹೋಟೆಲಿನಲ್ಲಿ ಪಾಲು ಹೊಂದಿದ್ದ ಅವರು, 1916ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಗಲು ವರ್ಷಗಟ್ಟಲೆ ಶ್ರಮಿಸಿದರು. ಆ ಉದ್ಯಾನದಿಂದ ಕಾಡಿಗೂ ವಿಜ್ಞಾನಕ್ಕೂ ಆದ ಲಾಭವನ್ನು ಅಲ್ಲಗಳೆಯಲಾಗದು. ಆದರೆ ನಾಡನ್ನು ಅತಿಥಿಗಳಿಗೆ ತೋರಿಸುವ ಕೆಲಸವನ್ನು ಆ ನಾಡಿನ ಮೂಲಜನರಿಂದ ಆಳ್ವಿಕೆಯನ್ನು ಕಿತ್ತುಕೊಂಡವರೇ ಕೈಗೆತ್ತಿಕೊಂಡಿದ್ದರೆಂಬುದನ್ನು ಮರೆತರೆ, ಪೆಸಿಫಿಕ್ ಪ್ರವಾಸೋದ್ಯಮದ ಬಗೆಗೆ ಮುಂದೆ ಎದ್ದ ಆಕ್ಷೇಪಗಳ ಬೇರು ತಿಳಿಯುವುದಿಲ್ಲ. ಮಗ ತಂದೆಯ ರಾಜಕೀಯಕ್ಕೆ ಹೊಣೆಗಾರನಲ್ಲ, ನಿಜ. ಪತ್ರಿಕೆ ಮಾತ್ರ ತಂದೆಯಿಂದಲೇ ಬಂದದ್ದು, ‘ಬನ್ನಿ’ ಎಂದು ಕರೆಯುವ ಹಕ್ಕು ತಮ್ಮದೆಂಬ ನಿಸ್ಸಂಶಯವೂ ಅದರೊಡನೆ ಬಂದಿರಬೇಕು.

ಸಂಘದ ಹುಟ್ಟಿಗೆ ದುಡಿದ ಇನ್ನೊಬ್ಬ ವ್ಯಕ್ತಿಯ ಹಿನ್ನೆಲೆ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ವಿಲಿಯಂ ಮಲ್ಲೇಹೀ ವೃತ್ತಿಜೀವನವನ್ನು ಆರಂಭಿಸಿದ್ದು ಸಮುದ್ರದ ನೀರಿನೊಳಗೆ. ನೀರಿನ ಮೇಲೆ ಇಳಿದು ನೀರಿನಿಂದಲೇ ಮೇಲೇರುವ ಹಾರುದೋಣಿಗಳ ಮೂಲಕ ಪೆಸಿಫಿಕ್ ಸಾಗರವನ್ನು ದಾಟುವ ಯೋಜನೆಗಾಗಿ 1935ರಲ್ಲಿ ಆ ಸಂಸ್ಥೆ ಜನವಸತಿಯಿಲ್ಲದ ವೇಕ್ ಎಂಬ ಹವಳದ್ವೀಪದಲ್ಲಿ ತಂಗುದಾಣ ಕಟ್ಟಲು ಹೊರಟಾಗ, ಅಲ್ಲಿನ ಒಳಗೊಳದ ತಳದಿಂದ ಮೇಲೆದ್ದ ಹವಳದ ಗುಡ್ಡೆಗಳು ಅಡ್ಡಿಯಾಗಿದ್ದವು. ಕಾಲೇಜು ಮುಗಿಸಿದ್ದ ಈಜುಗಾರ ಮಲ್ಲೇಹೀ ನೀರಿಗಿಳಿದು, ಒಂದೊಂದು ಗುಡ್ಡೆಗೂ ಸಿಡಿಮದ್ದು ಇಟ್ಟು ಸಿಡಿಸಿ, ವಿಮಾನ ಇಳಿಯುವಷ್ಟು ಹರವನ್ನು ತೆರವುಗೊಳಿಸಿದರು. ಆ ವರ್ಷದ ನವೆಂಬರ್ 22ರಂದು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಿಂದ ಅಂಚೆ ಹೊತ್ತು ಹೊರಟ ‘ಚೈನಾ ಕ್ಲಿಪ್ಪರ್’ ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್‌ಗಳಲ್ಲಿ ತಂಗುತ್ತ ನವೆಂಬರ್ 29ರಂದು ಮನಿಲಾ ತಲುಪಿತು. ಮುಂದೆ ಅದೇ ಸಂಸ್ಥೆಯ ಪೆಸಿಫಿಕ್ ವಲಯದ ಹಿರಿಯ ಅಧಿಕಾರಿಯಾಗಿ ಬೆಳೆದ ಮಲ್ಲೇಹೀ ದ್ವೀಪದಿಂದ ದ್ವೀಪಕ್ಕೆ ತಿರುಗಿ ಹೋಟೆಲು ಕಟ್ಟಲು ಹುರಿದುಂಬಿಸಿದರು. ಪೆಸಿಫಿಕ್ಕಿನ ಭೂಗೋಳವನ್ನು ಮೈಯಿಂದಲೇ ಬಲ್ಲ ಇಂಥವರು ಸಂಘದ ಆರಂಭದಲ್ಲಿ ಇದ್ದದ್ದು ಅದಕ್ಕೆ ದೊಡ್ಡ ಬಲವಾಯಿತು; ಆದರೆ ವಿಮಾನ ಸಂಸ್ಥೆಯವರಿಗೆ ದ್ವೀಪವೆಂದರೆ ಮೊದಲಿಗೆ ತುಂಬಬೇಕಾದ ಆಸನಗಳ ಲೆಕ್ಕ ಎಂಬುದೂ ಸಂಘದ ನಡೆಯಲ್ಲಿ ಬಹುಕಾಲ ಉಳಿಯಿತು.

ಆ ಲೆಕ್ಕ ಬೇಗನೆ ಫಲಿಸಿತು. 1959ರಲ್ಲಿ ಹವಾಯಿ ರಾಜ್ಯವಾಯಿತು, ಅದೇ ವರ್ಷ ಜೆಟ್ ವಿಮಾನಗಳು ಅಲ್ಲಿಗೆ ಬರತೊಡಗಿದವು. ಆ ವರ್ಷ ಸುಮಾರು 2.4 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 1967ರಲ್ಲಿ 10 ಲಕ್ಷವನ್ನು ದಾಟಿತು. ಈ ಬಗೆಯ ಬೆಳವಣಿಗೆ ಏಷ್ಯಾದ ನಾಡುಗಳಿಗೂ ಸಾಧ್ಯವೇ ಎಂದು ಪರಿಶೀಲಿಸಿದ ವರದಿಯೊಂದು ಅಮೆರಿಕದ ವಾಣಿಜ್ಯ ಇಲಾಖೆ ಮತ್ತು ಪಾಟಾದ ಬೆಂಬಲದಿಂದ 1961ರಲ್ಲಿ ಹೊರಬಂದಿತು. ಚೆಕ್ಕಿ ಎಂಬ ಸಲಹಾ ಸಂಸ್ಥೆಯ ಪರವಾಗಿ ಹ್ಯಾರಿ ಕ್ಲೆಮೆಂಟ್ ಬರೆದ ಆ ವರದಿ ‘ಗುಣಕ’ ಎಂಬ ಅರ್ಥಶಾಸ್ತ್ರದ ಪರಿಕಲ್ಪನೆಯನ್ನು ಪ್ರವಾಸೋದ್ಯಮದ ಮಾತಿಗೆ ತಂದಿತು. ಪ್ರವಾಸಿ ಹೋಟೆಲಿಗೆ ಕೊಟ್ಟ ಹಣ ಅಡುಗೆಯವರ ಸಂಬಳವಾಗಿ, ಅಲ್ಲಿಂದ ಕಿರಾಣಿ ಅಂಗಡಿಗೆ, ಅಂಗಡಿಯಿಂದ ಬೆಳೆಗಾರನಿಗೆ ಸಾಗುತ್ತ ಕೈ ಬದಲಿಸಿದಂತೆಲ್ಲ ಊರಿನ ಆದಾಯವನ್ನು ಹಿಗ್ಗಿಸುತ್ತದೆಯೆಂಬುದು ಗುಣಕದ ತಿರುಳು. ಹಣ ಎಷ್ಟು ಸಲ ಕೈ ಬದಲಿಸಿತೆಂಬುದು ಒಂದು, ಅದರಲ್ಲಿ ಊರಿಗೆ ಎಷ್ಟು ಉಳಿಯಿತೆಂಬುದು ಇನ್ನೊಂದು. ಮಾಂಸ, ಮದ್ಯ, ಪೀಠೋಪಕರಣಗಳೆಲ್ಲ ಹೊರದೇಶದಿಂದ ಬರುವ ದ್ವೀಪದಲ್ಲಿ ಹಣ ಎರಡನೆಯ ಕೈಗೆ ತಲುಪುವ ಮೊದಲೇ ಹೊರಗೆ ಸೋರಿಹೋಗುತ್ತದೆ. ನಂತರದ ಅರ್ಥಶಾಸ್ತ್ರಜ್ಞರು ಈ ಬಗೆಯ ಲೆಕ್ಕಗಳನ್ನು ಕಟುವಾಗಿ ಪ್ರಶ್ನಿಸಿದರೂ ಸಚಿವಾಲಯಗಳಲ್ಲಿ ಅವುಗಳ ಮೋಹ ಇಂದಿಗೂ ಕರಗಿಲ್ಲ.

1986ರಲ್ಲಿ ‘ಏರಿಯಾ’ ಎಂಬ ಪದ ಹೋಗಿ ‘ಏಷ್ಯಾ’ ಬಂದದ್ದು, 1998ರಲ್ಲಿ ಪ್ರಧಾನ ಕಚೇರಿ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟು ಬ್ಯಾಂಕಾಕಿಗೆ ಸ್ಥಳಾಂತರಗೊಂಡದ್ದು ಮೇಲ್ನೋಟಕ್ಕೆ ಆಡಳಿತದ ಸಂಗತಿಗಳು. ವಾಸ್ತವದಲ್ಲಿ ಪ್ರವಾಸಿಗರನ್ನು ಕಳಿಸುವ ನಾಡಿನಿಂದ ಅವರನ್ನು ಬರಮಾಡಿಕೊಳ್ಳುವ ನಾಡಿನ ಕಡೆಗೆ ಸಂಘದ ದೃಷ್ಟಿ ಹೊರಳಿದ್ದರ ಗುರುತುಗಳು ಅವು. ಅಧ್ಯಕ್ಷ ಸ್ಥಾನಕ್ಕೆ ಬಂದವರಲ್ಲೂ ಈ ಹೊರಳು ಕಾಣುತ್ತದೆ. ಥಾಯ್ಲೆಂಡಿನ ಪ್ರವಾಸೋದ್ಯಮ ಪ್ರಾಧಿಕಾರದ ಮುಖ್ಯಸ್ಥೆಯಾಗಿದ್ದ ಫೋರ್ನ್‌ಸಿರಿ ಮನೋಹರ್ನ್, ಮಕಾವುವಿನ ಸರ್ಕಾರಿ ಪ್ರವಾಸ ಕಚೇರಿಯನ್ನು ಎರಡು ದಶಕಗಳಿಗೂ ಮೀರಿ ನಡೆಸಿ, ಪೋರ್ಚುಗಲ್ ಆಳ್ವಿಕೆಯಿಂದ ಚೀನಾದ ಆಳ್ವಿಕೆಗೆ ಆ ನಗರ ಹಸ್ತಾಂತರವಾದಾಗಲೂ ಹುದ್ದೆಯಲ್ಲಿ ಮುಂದುವರಿದ ಕೋಸ್ಟಾ ಅಂತೂನೆಸ್ ಇಂಥವರು ಸರ್ಕಾರದ ಒಳಗಿನ ಅನುಭವವನ್ನು ಹೊತ್ತು ಬಂದರು.

ಅದೇ ಅಧ್ಯಕ್ಷ ಸ್ಥಾನಕ್ಕೆ ಹೋಟೆಲು ಕುಟುಂಬದಿಂದ ಬಂದ ಶ್ರೀಲಂಕಾದ ಹಿರಾನ್ ಕೂರೇ ಅವರ ಹಿನ್ನೆಲೆಯನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಅವರ ತಂದೆ ಹರ್ಬರ್ಟ್ ಕೂರೇ ಕಟ್ಟಡ ಗುತ್ತಿಗೆದಾರರಾಗಿದ್ದು, 1973ರಲ್ಲಿ ನೆಗೊಂಬೊ ಕಡಲತೀರದಲ್ಲಿ ಹೋಟೆಲು ತೆರೆದವರು. ಅದೇ ಮುಂದೆ ಜೆಟ್‌ವಿಂಗ್ ಎಂಬ ಸಮೂಹವಾಗಿ ಬೆಳೆಯಿತು. ಗೋಡೆ, ಮಾಡು, ಗಾಳಿ, ನೆರಳುಗಳ ಮರ್ಮ ಬಲ್ಲ ಮನೆತನವಾದ್ದರಿಂದಲೋ ಏನೋ, ಗಾಲೆಯ ‘ಲೈಟ್‌ಹೌಸ್’ ಹೋಟೆಲನ್ನು ದೇಶದ ಶ್ರೇಷ್ಠ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಂದ ರೂಪಿಸಿದ ಈ ಸಮೂಹ, ಸಿಗಿರಿಯಾದ ಬಳಿ ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ನೀರು ನಿಲ್ಲಿಸಿ, ಜೌಗು ನೆಲವನ್ನು ಸೃಷ್ಟಿಸಿ, ಅದರ ನಡುವೆ ‘ವಿಲ್ ಉಯನ’ ಎಂಬ ವಸತಿಧಾಮವನ್ನು ಕಟ್ಟಿತು. ಸುತ್ತಲಿನ ಹಳ್ಳಿಗಳ ಯುವಕ ಯುವತಿಯರಿಗೆ ಮೊದಲು ಇಂಗ್ಲಿಷ್ ಮತ್ತು ಹೋಟೆಲು ಕೆಲಸ ಕಲಿಸಿ ಬಳಿಕ ಅವರನ್ನೇ ಕೆಲಸಕ್ಕೆ ತೆಗೆದುಕೊಂಡ ಕ್ರಮ ಆ ಹೋಟೆಲಿನ ಕಟ್ಟಡಕ್ಕಿಂತಲೂ ಗಮನಾರ್ಹವಾದುದು. ದೀರ್ಘಕಾಲದ ಅಂತರ್ಯುದ್ಧ 2009ರಲ್ಲಿ ಮುಗಿದ ಬೆನ್ನಲ್ಲೇ, 2010ರ ದಶಕದ ಆರಂಭದಲ್ಲಿ, ಶ್ರೀಲಂಕಾದ ಹೋಟೆಲಿಗರೊಬ್ಬರು ಸಂಘದ ಅಧ್ಯಕ್ಷರಾದದ್ದಕ್ಕೆ ವಿಶೇಷ ಅರ್ಥವಿತ್ತು. ಅತಿಥಿಯೇ ಬಾರದ ವರ್ಷಗಳಲ್ಲಿ ಕೆಲಸಗಾರರನ್ನು ಉಳಿಸಿಕೊಳ್ಳುವುದೆಂದರೇನು ಎಂಬುದು ಅಂಥವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಮುಂದಾಳುವಿನ ಪೂರ್ವಜೀವನ ಸಂಸ್ಥೆಯ ಸ್ವಭಾವವಾಗಿ ಇಳಿಯುವುದನ್ನು ಕನ್ನಡದ ಓದುಗರು ಕಬಿನಿಯ ದಡದಲ್ಲೂ ಕಂಡಿದ್ದಾರೆ. ಕರ್ನಾಟಕ ಸರ್ಕಾರವು ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಂದಿಗೆ ಸೇರಿ 1980ರಲ್ಲಿ ಆರಂಭಿಸಿದ ಜಂಗಲ್ ಲಾಡ್ಜಸ್‌ಗೆ ಕಾರಾಪುರದಲ್ಲಿ ರೂಪ ಕೊಟ್ಟ ಕರ್ನಲ್ ಜಾನ್ ವೇಕ್‌ಫೀಲ್ಡ್ ತಾರುಣ್ಯದಲ್ಲಿ ಬೇಟೆಗಾರರು, ನಂತರ ಸೈನಿಕರು. ಹೆಜ್ಜೆಗುರುತು ಓದಬಲ್ಲವರೇ ಅತಿಥಿಯೊಡನೆ ಕಾಡಿಗೆ ಹೋಗಬೇಕೆಂಬ, ಕೋಣೆಯ ಐಷಾರಾಮಕ್ಕಿಂತ ಕಾಡಿನ ತಿಳಿವಳಿಕೆ ಮೇಲೆಂಬ ಅಲ್ಲಿನ ಶಿಸ್ತು ಆ ಬದುಕಿನಿಂದ ಬಂದದ್ದೆಂದು ಭಾವಿಸಿದರೆ ತಪ್ಪಾಗಲಾರದು.

ಪಾಟಾದ ಕಚೇರಿಯನ್ನು ನಡೆಸಿದ ಈಚಿನ ಕಾರ್ಯನಿರ್ವಾಹಕರ ಹಿನ್ನೆಲೆ ಬೇರೊಂದು ಯುಗವನ್ನು ಸೂಚಿಸುತ್ತದೆ. 2014ರಿಂದ 2021ರವರೆಗೆ ಹೊಣೆ ಹೊತ್ತ ಮಾರಿಯೊ ಹಾರ್ಡಿ ವಿಮಾನಯಾನದ ಅಂಕಿಅಂಶಗಳ ಉದ್ಯಮದಲ್ಲಿದ್ದವರು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಆಸನಗಳು ಹೊರಡುತ್ತವೆ ಎಂಬ ವೇಳಾಪಟ್ಟಿಯ ಮಾಹಿತಿಯಿಂದ ಮುಂದಿನ ಹಂಗಾಮಿನ ಪ್ರವಾಸಿಗರ ಸಂಖ್ಯೆಯನ್ನು ಅಂದಾಜು ಮಾಡಬಹುದು. ಈ ವಿದ್ಯೆ ಸಣ್ಣ ದೇಶಗಳ ಇಲಾಖೆಗಳಿಗೆ ಸ್ವಂತವಾಗಿ ಎಟುಕುವಂಥದ್ದಲ್ಲ. ಅವರ ಅವಧಿಯಲ್ಲೇ, 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳದ ಪ್ರವಾಸೋದ್ಯಮ ಚೇತರಿಕೆಗೆ ಸಲಹೆ ನೀಡಲು ಸಂಘ ತಜ್ಞರ ತಂಡವೊಂದನ್ನು ರಚಿಸಿತು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಘದ ವಾರ್ಷಿಕ ‘ಟ್ರಾವೆಲ್ ಮಾರ್ಟ್’ ಬೆಂಗಳೂರಿನಲ್ಲಿ ನಡೆಯಿತು. ಪ್ರವಾಸ ಮಾರುವವರೂ ಕೊಳ್ಳುವವರೂ ಮೊದಲೇ ಗೊತ್ತುಪಡಿಸಿದ ಸಮಯಕ್ಕೆ ಮೇಜಿನ ಎರಡು ಬದಿ ಕುಳಿತು ಮಾತು ಮುಗಿಸುವ ಈ ಸಂತೆಯ ಮೂಲಕ ಕರ್ನಾಟಕದ ಅನೇಕ ಹೋಟೆಲಿಗರಿಗೆ ಪಾಟಾ ಎಂಬ ಹೆಸರು ಪರಿಚಿತವಾಯಿತು. ಹಾರ್ಡಿಯವರ ನಂತರ ಬಂದ ಲಿಜ್ ಓರ್ಟಿಗೇರಾ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ವ್ಯವಹಾರ ಪ್ರವಾಸದ ವಿಭಾಗದಲ್ಲೂ, 2023ರಲ್ಲಿ ಬಂದ ಮಲೇಷ್ಯಾದ ನೂರ್ ಅಹ್ಮದ್ ಹಮೀದ್ ಅಂತರರಾಷ್ಟ್ರೀಯ ಸಮ್ಮೇಳನಗಳನ್ನು ಏರ್ಪಡಿಸುವ ಕ್ಷೇತ್ರದಲ್ಲೂ ಪಳಗಿದವರು.

ಅಧ್ಯಕ್ಷ ಸ್ಥಾನದಲ್ಲಿ ಇದೇ ಅವಧಿಯಲ್ಲಿ ಶಿಕ್ಷಕರು ಕಾಣಿಸಿಕೊಂಡದ್ದು ಹೆಚ್ಚು ಕುತೂಹಲಕರ. 2018ರಲ್ಲಿ ಅಧ್ಯಕ್ಷರಾದ ಕ್ರಿಸ್ ಬಾಟ್ರಿಲ್ ಕೆನಡಾದ ಕ್ಯಾಪಿಲಾನೊ ವಿಶ್ವವಿದ್ಯಾಲಯದವರು. 2022ರಲ್ಲಿ ಆಯ್ಕೆಯಾದ ಪೀಟರ್ ಸೆಮೊನ್ ಲಾವೋಸ್ ದೇಶದ ರಾಜಧಾನಿ ವಿಯೆಂಟಿಯಾನಿನಲ್ಲಿ ಲಕ್ಸೆಂಬರ್ಗ್ ಸರ್ಕಾರದ ನೆರವಿನಿಂದ ರೂಪುಗೊಂಡ ರಾಷ್ಟ್ರೀಯ ಪ್ರವಾಸೋದ್ಯಮ ಮತ್ತು ಆತಿಥ್ಯ ಸಂಸ್ಥೆಯನ್ನು ಕಟ್ಟುವ ಕೆಲಸಕ್ಕೆ ಮುಖ್ಯ ಸಲಹೆಗಾರರಾಗಿದ್ದವರು. ಪ್ರಕಾಶಕರು, ವಿಮಾನ ಅಧಿಕಾರಿಗಳು, ಹೋಟೆಲು ಒಡೆಯರು, ಸರ್ಕಾರಿ ನಿರ್ದೇಶಕರು ಕುಳಿತ ಈ ಪೀಠಕ್ಕೆ ಕೋಣೆ ಗುಡಿಸುವ, ದೋಣಿ ನಡೆಸುವ, ಹೊರೆ ಹೊರುವ ಕೆಲಸದಿಂದ ಮೇಲೆ ಬಂದವರು ಏರಿದ್ದು ವಿರಳ. ವಿಯೆಂಟಿಯಾನಿನ ಶಾಲೆಯಂಥವು ತರಬೇತಿ ಕೊಡುವುದು ಅಂಥ ಕೆಲಸಗಳಿಗೆ ಸೇರಲಿರುವ ಮಕ್ಕಳಿಗೇ: ಹಾಸಿಗೆಯ ಹೊದಿಕೆಯನ್ನು ಮಡಿಸಿ ಹೊಂದಿಸುವುದು, ಅಡುಗೆಮನೆಯ ಶುಚಿತ್ವ ಕಾಯುವುದು, ಪರಭಾಷೆಯ ಅತಿಥಿಗೆ ದಾರಿ ಹೇಳುವುದು, ಊಟದ ಲೆಕ್ಕ ಬರೆಯುವುದು.