ಟೈರಿನ ಗಾಳಿ ಎಷ್ಟಿರಬೇಕು?

ಪೂರಿಗಾಲಿ ಸುತ್ತಿನ ನಮ್ಮ ಸದಸ್ಯರಲ್ಲಿ ಟೈರು ಹಾಕಿದ ಚಕ್ರ ಇಲ್ಲದ ಮನೆ ಈಗ ಅಪರೂಪ. ಸೈಕಲ್ಲು, ಮೊಪೆಡ್ಡು, ಟಿಲ್ಲರು, ಟ್ರಾಕ್ಟರು, ಟೈರಿನ ಗಾಡಿ, ಇವುಗಳಲ್ಲಿ ಒಂದಾದರೂ ಹಟ್ಟಿಯಲ್ಲಿ ನಿಂತಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ದಪ್ಪ ಟೈರಿನ ಗೇರು ಸೈಕಲ್ಲುಗಳನ್ನೂ ತಂದಿದ್ದಾರೆ. ಮೌಂಟನ್ ಬೈಕ್ ಎಂದು ಕರೆಯುವ ಈ ಸೈಕಲ್ಲುಗಳು ಹೆಸರಿಗೆ ಬೆಟ್ಟದವು. ನಮ್ಮಲ್ಲಿ ಅವು ಓಡುವುದು ನಾಲೆಯ ಏರಿ ಮತ್ತು ತೋಟದ ಕಾಲುದಾರಿಯ ಮೇಲೆ.

ವಾಹನ ಯಾವುದೇ ಇರಲಿ, ಗಾಳಿ ಹೊಡೆಸುವ ಕ್ರಮ ಮಾತ್ರ ಎಲ್ಲರದೂ ಒಂದೇ. ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ, 'ಗಟ್ಟಿಯಾಗಿ ಹೊಡಿಯಪ್ಪ' ಎಂದು ಹೇಳಿ, ಹೆಬ್ಬೆರಳಿನಿಂದ ಅದುಮಿ ನೋಡಿ, ಕಲ್ಲಿನಂತಿದ್ದರೆ ಸಮಾಧಾನಪಟ್ಟು ಹೊರಡುವುದು. ಡಾಂಬರು ರಸ್ತೆಗೆ ಇದು ಹೇಗೋ ನಡೆಯುತ್ತದೆ. ತೋಟದ ದಾರಿಗೆ ನಡೆಯುವುದಿಲ್ಲ. ಇದರಿಂದ ಇಳಿಜಾರಿನಲ್ಲಿ ಬೀಳುವವರುಂಟು, ಟೈರು ಹಾಳುಮಾಡಿಕೊಳ್ಳುವವರುಂಟು. ಎಲ್ಲಕ್ಕಿಂತ ಮಿಗಿಲಾಗಿ ಅಡಿಕೆಯ ಬೇರಿರುವ ಮಣ್ಣು ಗೊತ್ತಾಗದಂತೆಯೇ ಗಟ್ಟಿಯಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಭಾರ ಹೊರುವುದು ಗಾಳಿ

ಟೈರಿನ ರಬ್ಬರು ಭಾರ ಹೊರುತ್ತದೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಹೆಚ್ಚಿನ ಪಾಲು ಹೊರುವುದು ಒಳಗಿನ ಗಾಳಿ. ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆಯುತ್ತಾರೆ. 30 ಪೌಂಡು ಗಾಳಿ ಎಂದರೆ ಟೈರು ನೆಲಕ್ಕೆ ತಾಗಿದ ಪ್ರತಿ ಚದರ ಅಂಗುಲವೂ ಸುಮಾರು 30 ಪೌಂಡು ಭಾರ ಹೊರುತ್ತದೆ ಎಂದರ್ಥ. ಭಾರ ಹೆಚ್ಚಿದರೆ ಟೈರು ಅಷ್ಟಕ್ಕಷ್ಟು ಅಗಲವಾಗಿ ನೆಲಕ್ಕೆ ಒರಗುತ್ತದೆ.

ಒಂದು ಲೆಕ್ಕ ಮಾಡೋಣ. ಸವಾರ ಮತ್ತು ಸೈಕಲ್ಲು ಸೇರಿ ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳಿ. ಅದು 110 ಪೌಂಡು. ಟೈರಿನಲ್ಲಿ 55 ಪೌಂಡು ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 2 ಚದರ ಅಂಗುಲ. ಅದೇ ಟೈರಿನಲ್ಲಿ 22 ಪೌಂಡು ಇದ್ದರೆ 5 ಚದರ ಅಂಗುಲ. ಟೈರಿನ ಗೋಡೆಯ ಬಿಗುವಿನಿಂದಾಗಿ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ತತ್ವ ಬದಲಾಗುವುದಿಲ್ಲ. ನೆಲವನ್ನು ಹಿಡಿಯುವ ಜಾಗ ಎರಡೂವರೆ ಪಟ್ಟು ಹೆಚ್ಚಾಯಿತು. ನೆಲದ ಮೇಲೆ ಬೀಳುವ ಒತ್ತಡ ಅಷ್ಟೇ ಪಾಲು ಕಡಿಮೆಯಾಯಿತು. ನಾವು ಟೈರಿಗೆ ತುಂಬಿದ ಒತ್ತಡವನ್ನೇ ಟೈರು ಮಣ್ಣಿಗೆ ಕೊಡುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ತಪ್ಪಿಸಲೆಂದೇ ಗಾಳಿ ಟೈರಿಗೆ ಪೇಟೆಂಟು ಪಡೆದ. ಕುಲುಕಾಟ ತಪ್ಪಿಸಲು ಬಂದ ವಸ್ತುವಿಗೆ ಕಲ್ಲಿನಂತೆ ಗಾಳಿ ತುಂಬುವುದೆಂದರೆ ಮತ್ತೆ ಕಬ್ಬಿಣದ ಪಟ್ಟಿಯ ಚಕ್ರಕ್ಕೇ ಮರಳಿದ ಹಾಗೆ.

ಬೆಟ್ಟದ ಸೈಕಲ್ಲಿನ ಪಾಠ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು ಟಮಾಲ್‌ಪಾಯಿಸ್ ಎಂಬ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. ಇಂದಿನ ಮೌಂಟನ್ ಬೈಕಿನ ಮೂಲ ಅದು. ದಪ್ಪ ಟೈರಿನ ಗುಣವೆಂದರೆ ಕಡಿಮೆ ಗಾಳಿಯಲ್ಲೂ ರಿಮ್ಮು ನೆಲಕ್ಕೆ ಬಡಿಯದೆ ಓಡುವುದು. ಕಡಿಮೆ ಗಾಳಿಯ ಟೈರು ಕಲ್ಲಿನ ಮೇಲೆ ಪುಟಿಯುವುದಿಲ್ಲ, ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಚಕ್ರ ನೆಲ ಬಿಟ್ಟು ಮೇಲೆದ್ದರೆ ಬ್ರೇಕೂ ಹಿಡಿಯದು, ಹ್ಯಾಂಡಲ್ಲೂ ಮಾತು ಕೇಳದು.

ಗಟ್ಟಿ ಟೈರೇ ಹಗುರವಾಗಿ ಓಡುತ್ತದೆ ಎಂಬ ನಂಬಿಕೆ ನಯವಾದ ಡಾಂಬರಿಗೆ ಸರಿ. ಕಲ್ಲು, ಬೇರು, ಸೋಗೆಯ ದಿಂಡು ಇರುವ ದಾರಿಯಲ್ಲಿ ಗಟ್ಟಿ ಟೈರು ಪ್ರತಿ ಅಡ್ಡಿಗೂ ಸವಾರನನ್ನು ಮೇಲಕ್ಕೆ ಎತ್ತಿ ಕುಕ್ಕುತ್ತದೆ. ಆ ಎತ್ತುವ ಶಕ್ತಿ ಬರುವುದು ಸವಾರನ ಕಾಲಿನಿಂದಲೇ. ಆದ್ದರಿಂದ ಒರಟು ದಾರಿಯಲ್ಲಿ ಮೆದು ಟೈರೇ ಹಗುರ.

ಹಾಗೆಂದು ಇಳಿಸುತ್ತ ಹೋಗುವಂತಿಲ್ಲ. ಗಾಳಿ ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ನೋಡಲು ಹಾವು ಕಚ್ಚಿದ ಗುರುತಿನಂತೆಯೇ ಇರುತ್ತದೆ. ಟ್ಯೂಬಿನಲ್ಲಿ ಇಂಥ ಜೋಡಿ ತೂತು ಕಂಡರೆ ಮುಳ್ಳನ್ನು ದೂರಬೇಡಿ, ಗಾಳಿ ಕಡಿಮೆಯಾಗಿತ್ತು ಎಂದು ತಿಳಿಯಿರಿ. ತಿರುವಿನಲ್ಲಿ ಟೈರು ಪಕ್ಕಕ್ಕೆ ಮಗುಚುವಂತೆ ಅನ್ನಿಸುವುದೂ ಇದೇ ಲಕ್ಷಣ. ನಮ್ಮ ಏರಿಗಳ ಮೇಲಿನ ಜಾಲಿ ಮುಳ್ಳಿಗಾದರೋ ಗಾಳಿ ಹೆಚ್ಚು ಕಡಿಮೆ ಮಾಡುವುದು ಮದ್ದಲ್ಲ. ಅದಕ್ಕೆ ಟ್ಯೂಬಿನೊಳಗೆ ಹಾಕುವ ಅಂಟುದ್ರವವೇ ಬೇರೆ ಸಿಗುತ್ತದೆ.

ಸುಮಾರು 65 ಕಿಲೋ ತೂಕದ ಸವಾರನಿಗೆ, ಎರಡು ಅಂಗುಲಕ್ಕಿಂತ ಸ್ವಲ್ಪ ಅಗಲದ, ಟ್ಯೂಬು ಇರುವ ಮೌಂಟನ್ ಬೈಕಿನ ಟೈರಿನಲ್ಲಿ ಕೆಳಗಿನ ಪ್ರಮಾಣದಿಂದ ಪ್ರಾರಂಭಿಸಬಹುದು:

ಡಾಂಬರು ರಸ್ತೆ: ಮುಂದೆ 36, ಹಿಂದೆ 40 ಪೌಂಡು.
ನಾಲೆ ಏರಿಯ ಗರಸು ದಾರಿ: ಮುಂದೆ 28, ಹಿಂದೆ 31 ಪೌಂಡು.
ತೋಟದ ಮಣ್ಣು, ಸೋಗೆ, ಬೇರು ಇರುವ ದಾರಿ: ಮುಂದೆ 25, ಹಿಂದೆ 28 ಪೌಂಡು.

ಹಿಂದಿನ ಚಕ್ರಕ್ಕೆ ಭಾರ ಹೆಚ್ಚು, ಅದಕ್ಕೆ ಮೂರು ನಾಲ್ಕು ಪೌಂಡು ಹೆಚ್ಚು. ತೂಕ 80 ಕಿಲೋ ದಾಟಿದವರು ಎರಡಕ್ಕೂ ಮೂರು ನಾಲ್ಕು ಪೌಂಡು ಸೇರಿಸಬೇಕು. ಹಗುರವಾದ ಹುಡುಗರು ಎರಡು ಮೂರು ಇಳಿಸಬಹುದು. ತಲಕಾಡಿನಂಥ ಮರಳಿನಲ್ಲಿ ಇನ್ನೂ ಇಳಿಸಿದರಷ್ಟೇ ಚಕ್ರ ಮರಳಿನ ಮೇಲೆ ತೇಲುತ್ತದೆ, ಆದರೆ ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಲೇಬೇಕು. ಎರೆ ಮಣ್ಣಿನ ಕೆಸರು ಟೈರಿಗೆ ಮೆತ್ತಿಕೊಂಡ ಮೇಲೆ ಯಾವ ಗಾಳಿಯೂ ನೆರವಾಗದು. ಇಳಿದು ತಳ್ಳುವುದೇ ಜಾಣತನ.

ಈ ಅಂಕಿಗಳನ್ನು ಹಳೆಯ ಮಾದರಿಯ ಕರಿ ಸೈಕಲ್ಲಿಗೆ ಅನ್ವಯಿಸಬಾರದು. ಅದರ ಟೈರು ತೆಳ್ಳಗಿರುವುದರಿಂದ ಇಷ್ಟು ಇಳಿಸಿದರೆ ಮೊದಲ ಕಲ್ಲಿಗೇ ರಿಮ್ಮು ಬಡಿಯುತ್ತದೆ.

ತಮಗೆ ತಕ್ಕ ಅಂಕಿ ಹುಡುಕುವ ಕ್ರಮ

ಮೇಲಿನವು ಪ್ರಾರಂಭದ ಅಂಕಿಗಳು ಮಾತ್ರ. ದಿನವೂ ಹೋಗುವ ಒಂದು ಫರ್ಲಾಂಗು ತೋಟದ ದಾರಿಯನ್ನು ಆರಿಸಿಕೊಂಡು, ಅದರಲ್ಲೇ ಓಡಿಸಿ ನೋಡಬೇಕು. ಪ್ರತಿ ಸಲ ಎರಡು ಪೌಂಡು ಮಾತ್ರ ಇಳಿಸಬೇಕು. ಚಕ್ರ ಪುಟಿಯುವುದು ನಿಂತು, ಬ್ರೇಕು ಹಿಡಿದಾಗ ಜಾರದಿದ್ದರೆ ಸರಿಯಾದ ಹತ್ತಿರಕ್ಕೆ ಬಂದಿದ್ದೀರಿ. ರಿಮ್ಮು ಕಲ್ಲಿಗೆ ಬಡಿದ ಶಬ್ದ ಬಂದರೆ ಅಥವಾ ತಿರುವಿನಲ್ಲಿ ಟೈರು ತೊಳಲಾಡಿದರೆ ಎರಡು ಮೂರು ಪೌಂಡು ಮೇಲಕ್ಕೆ ಬರಬೇಕು. ಆ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಕಣ್ಣಳತೆಗೆ ಬೇಕೆಂದರೆ, ಸವಾರ ಕುಳಿತಾಗ ಎರಡು ಅಂಗುಲ ಎತ್ತರದ ಟೈರು ಸುಮಾರು ಕಾಲು ಅಂಗುಲಕ್ಕಿಂತ ತುಸು ಹೆಚ್ಚು ತಗ್ಗಬೇಕು.

ಸೈಕಲ್ ಟೈರಿನ ಪಕ್ಕದಲ್ಲಿ ಮುದ್ರಿಸಿದ ದೊಡ್ಡ ಅಂಕಿಯನ್ನು ಅನೇಕರು ಅಷ್ಟು ತುಂಬಲೇಬೇಕೆಂಬ ಆಜ್ಞೆ ಎಂದು ಓದುತ್ತಾರೆ. ಅದು ಆಜ್ಞೆಯಲ್ಲ, ಮೀರಬಾರದ ಮೇರೆ. ಕನಿಷ್ಠ ಅಂಕಿಯನ್ನೂ ಮುದ್ರಿಸಿದ್ದರೆ ಅದಕ್ಕಿಂತ ಕೆಳಗೂ ಹೋಗಬಾರದು.

ಹೊರೆ ಹೊತ್ತ ಚಕ್ರಕ್ಕೆ ಬೇರೆ ನಿಯಮ

ಇಲ್ಲಿ ಸದಸ್ಯರು ವಿಶೇಷ ಗಮನ ಕೊಡಬೇಕು. ಸೈಕಲ್ಲಿಗೆ ಹೇಳಿದ್ದನ್ನು ಮೊಪೆಡ್ಡಿಗೂ ಟ್ರೇಲರಿಗೂ ಅನ್ವಯಿಸಿದರೆ ಅಪಾಯ. ಅಡಿಕೆ ಚೀಲವನ್ನೋ ಹುಲ್ಲಿನ ಹೊರೆಯನ್ನೋ ಹೇರಿದ ಮೊಪೆಡ್ಡಿನ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ, ಚಕ್ರದ ಒಂದೊಂದು ಸುತ್ತಿಗೂ ಟೈರಿನ ಗೋಡೆ ಮಡಿಸಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುವುದಿಲ್ಲವೆ, ಹಾಗೆಯೇ ಟೈರಿನೊಳಗಿನ ನೂಲೂ ಬಿಸಿಯಾಗಿ ಹರಿಯುತ್ತದೆ. ಮಳವಳ್ಳಿಗೋ ಮದ್ದೂರಿಗೋ ಹೊರಟ ಗಾಡಿಯ ಟೈರು ನಡುದಾರಿಯಲ್ಲಿ ಒಡೆದರೆ ಹೊರೆಯ ಜತೆಗೆ ಸವಾರನೂ ಬೀಳುತ್ತಾನೆ. ಮೊಪೆಡ್ಡಿನ ಕೈಪಿಡಿಯಲ್ಲಿ ಒಬ್ಬ ಸವಾರನಿಗೆ ಎಷ್ಟು, ಹೊರೆಯಿದ್ದಾಗ ಎಷ್ಟು ಎಂದು ಬರೆದಿದ್ದರೆ ಅದೇ ಪ್ರಮಾಣ. ಅದರಲ್ಲಿ ಸ್ವಂತ ಪ್ರಯೋಗ ಬೇಡ.

ಟ್ರಾಕ್ಟರಿನ ಟ್ರೇಲರಿಗೂ ಇದೇ ಮಾತು. ಅದರ ಟೈರು ಹೆಚ್ಚಿನ ಗಾಳಿಗೆಂದೇ ಮಾಡಿದ್ದು. ಗಾಳಿ ಇಳಿಸಿದರೆ ಹೊರೆ ತಡೆಯದು, ಇಳಿಸದಿದ್ದರೆ ಒದ್ದೆ ಮಣ್ಣನ್ನು ಚಾಕುವಿನಂತೆ ಕೊಯ್ಯುತ್ತದೆ. ಹಾಗಾದರೆ ದಾರಿ ಯಾವುದು? ಗಾಳಿ ಇಳಿಸಲಾಗದ ಚಕ್ರದಿಂದ ಭಾರವನ್ನು ಇಳಿಸಬೇಕು. ಗೊಬ್ಬರ ತುಂಬಿದ ಟ್ರೇಲರನ್ನು ಗಿಡದ ಸಾಲಿನೊಳಕ್ಕೆ ತರದೆ ತೋಟದ ಅಂಚಿನಲ್ಲೇ ನಿಲ್ಲಿಸಿ, ಅಲ್ಲಿಂದ ದಪ್ಪ ಟೈರಿನ ತಳ್ಳುಗಾಡಿಯಲ್ಲಿ ಸಾಗಿಸಬೇಕು. ಕೂಲಿ ಒಂದಿಷ್ಟು ಹೆಚ್ಚಾಗುತ್ತದೆ, ನಿಜ. ಆದರೆ ಬೇರಿಗೆ ತಗಲುವ ಪೆಟ್ಟಿನ ಮುಂದೆ ಅದು ದೊಡ್ಡದಲ್ಲ.

ಟ್ರಾಕ್ಟರು ಮತ್ತು ಬೇರು

ಅಡಿಕೆ ಮರದ ಬಹುಪಾಲು ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಬುಡದ ಸುತ್ತಲೇ ಹರಡಿರುತ್ತವೆ. ಕಾಫಿ ಗಿಡದ ಆಹಾರ ಹೀರುವ ಬೇರುಗಳಂತೂ ಮೇಲಿನ ಒಂದಡಿಯಲ್ಲೇ ಹೆಚ್ಚು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಚಕ್ರ ತುಳಿದು ಮಣ್ಣಿನ ರಂಧ್ರಗಳು ಮುಚ್ಚಿದರೆ ನೀರು ಇಂಗದೆ ಮೇಲೆ ನಿಲ್ಲುತ್ತದೆ, ಬೇರು ಉಸಿರು ಕಟ್ಟುತ್ತದೆ. ನೀರು ಹಾಯಿಸಿದ ಮರುದಿನ ಟ್ರಾಕ್ಟರು ಇಳಿಸಿದರೆ ಆಗುವ ಹಾನಿ ಒಣ ಮಣ್ಣಿಗಿಂತ ಎಷ್ಟೋ ಹೆಚ್ಚು.

1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪೆನಿ ಕಬ್ಬಿಣದ ಚಕ್ರದ ಟ್ರಾಕ್ಟರಿಗೆ ವಿಮಾನದ ಟೈರುಗಳನ್ನು ಹಾಕಿ ಪರೀಕ್ಷಿಸಿದಾಗ ತುಂಬಿದ್ದು ಸುಮಾರು 15 ಪೌಂಡು ಗಾಳಿ ಮಾತ್ರ. ಇಂದಿಗೂ ಟ್ರಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ಹೊಲ ತೋಟದ ಕೆಲಸದಲ್ಲಿ ಸಾಮಾನ್ಯವಾಗಿ ಸುಮಾರು 12 ಪೌಂಡು ಸಾಕು. ರಸ್ತೆಯಲ್ಲಿ ಹೊರೆ ಎಳೆಯುವಾಗ ಹೆಚ್ಚು ಬೇಕು. ನಮ್ಮಲ್ಲಿ ಕಬ್ಬು ಸಾಗಿಸಲೆಂದು ತುಂಬಿಸಿದ ಗಾಳಿಯಲ್ಲೇ ಟ್ರಾಕ್ಟರು ತೋಟಕ್ಕೂ ಇಳಿಯುತ್ತದೆ. ಬಾಡಿಗೆ ಟ್ರಾಕ್ಟರು ಕರೆಸುವವರು ಈ ಮಾತನ್ನು ಮೊದಲೇ ಚಾಲಕರಿಗೆ ಹೇಳಿ, ಕೈಪಿಡಿಯಲ್ಲಿ ಹೊಲದ ಕೆಲಸಕ್ಕೆ ಕೊಟ್ಟ ಪ್ರಮಾಣಕ್ಕೆ ಇಳಿಸಿಸಬೇಕು. ಚಕ್ರ ಜಾರುವುದು ಕಡಿಮೆಯಾಗಿ ಡೀಸೆಲ್ಲೂ ಉಳಿಯುವುದರಿಂದ ಅವರಿಗೂ ನಷ್ಟವಿಲ್ಲ.

ಇನ್ನೊಂದು ಸಂಗತಿ ಇದೆ. ಗಾಳಿ ಇಳಿಸುವುದರಿಂದ ಉಳಿಯುವುದು ಮೇಲ್ಮಣ್ಣು. ಆಳದ ಮಣ್ಣು ಗಟ್ಟಿಯಾಗುವುದು ಗಾಡಿಯ ಒಟ್ಟು ಭಾರದಿಂದ. ಜೊತೆಗೆ, ಮಣ್ಣಿಗೆ ದೊಡ್ಡ ಪೆಟ್ಟು ಬೀಳುವುದು ಚಕ್ರ ಮೊದಲ ಸಲ ಹಾಯ್ದಾಗಲೇ. ಆದಕಾರಣ ದಿನಕ್ಕೊಂದು ಕಡೆ ಓಡಿಸುವ ಬದಲು ತೋಟದಲ್ಲಿ ಒಂದೇ ದಾರಿಯನ್ನು ಗೊತ್ತುಮಾಡಿ ಅದರಲ್ಲೇ ಓಡಾಡುವುದು ಮೇಲು.

ಅಳೆದು ತುಂಬಿಸಿ

ಹೆಬ್ಬೆರಳು ಅಳತೆಗೋಲಲ್ಲ. ದಪ್ಪ ಗೋಡೆಯ ಟೈರು ಅರ್ಧ ಗಾಳಿಯಲ್ಲೂ ಗಟ್ಟಿಯಾಗಿ ತೋರುತ್ತದೆ. ಗಾಳಿ ಅಳೆಯುವ ಗೇಜು ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಸೈಕಲ್ಲು, ಟ್ರಾಕ್ಟರಿಗೆ ಕೊಳ್ಳುವಾಗ 60 ಪೌಂಡಿನವರೆಗೆ ಮಾತ್ರ ಗುರುತುಗಳಿರುವುದನ್ನು ಆರಿಸಿದರೆ ಕೆಳಗಿನ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ.

ಅಳೆಯುವುದು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು. ಬಿಸಿಲಿಗೆ ಟೈರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ 30 ಪೌಂಡಿನ ಟೈರಿನಲ್ಲಿ ಸುಮಾರು ಒಂದೂವರೆ ಪೌಂಡು ಹೆಚ್ಚು ತೋರುತ್ತದೆ. ಅದನ್ನು ಕಂಡು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಸೋರುವುದರಿಂದ ಸೈಕಲ್ಲಿಗೆ ವಾರಕ್ಕೊಮ್ಮೆ, ದೊಡ್ಡ ಗಾಡಿಗಳಿಗೆ ಹದಿನೈದು ದಿನಕ್ಕೊಮ್ಮೆ ಅಳತೆ ಅಗತ್ಯ.

ಸಂಘದ ಕಚೇರಿಯಲ್ಲಿ ಒಂದು ಗೇಜನ್ನೂ ಕಾಲಿನಿಂದ ತುಳಿಯುವ ಪಂಪನ್ನೂ ಇರಿಸಿದ್ದೇವೆ. ಸದಸ್ಯರೂ ಅವರ ಮಕ್ಕಳೂ ಕಚೇರಿಯ ವೇಳೆಯಲ್ಲಿ ಬಂದು ಉಪಯೋಗಿಸಿಕೊಳ್ಳಬಹುದು. ಗೊಬ್ಬರ ಹಾಕುವಾಗ ತೂಕ ಮಾಡಿ ಹಾಕುತ್ತೇವೆ, ಔಷಧ ಸಿಂಪಡಿಸುವಾಗ ಅಳೆದು ಬೆರೆಸುತ್ತೇವೆ. ತೋಟಕ್ಕೆ ಇಳಿಯುವ ಚಕ್ರದ ಗಾಳಿಯನ್ನೂ ಇನ್ನು ಮುಂದೆ ಅಳೆದೇ ತುಂಬಿಸೋಣ.